ಒಂಟಿ ಸಸಿಯ ಗದ್ದೆ

ಬೆಳಿಗ್ಗೆ ನೀರು ನೋಡಲು ಹೋದವಳು ಬದುವಿನ ಮೇಲೆ ಕಾಲಿಟ್ಟಲ್ಲೇ ನಿಂತುಬಿಟ್ಟೆ. ನನ್ನ ಗದ್ದೆಗೆ ಮೀಸೆ ಬಂದಿತ್ತು.

ತಮಾಷೆಗೆ ಹೇಳುತ್ತಿಲ್ಲ. ಹಿಂದಿನ ಸಂಜೆ ನಾನು ಬಿಟ್ಟು ಹೋದಾಗ ಅಲ್ಲಿದ್ದದ್ದು ಹೊಡೆ ತುಂಬಿದ ಹಸಿರು ಪೈರು. ತೆನೆಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಯಾರಿಗೂ ಏನೂ ಹೇಳದೆ ನಿಂತಿದ್ದ ಪೈರು. ಈಗ ರಸ್ತೆಯ ಕಡೆಯ ಅರ್ಧ ಗದ್ದೆಯಲ್ಲಿ, ಎಲೆಗಳಿಗಿಂತ ಒಂದು ಗೇಣು ಎತ್ತರಕ್ಕೆ, ಕಪ್ಪು ತೆನೆಗಳು ತಲೆ ಹಾಕಿದ್ದವು. ಒಂದೊಂದು ಕಾಳಿನ ತುದಿಯಲ್ಲೂ ಬೆರಳುದ್ದದ ಕರಿಯ ಕೂದಲು. ಗಾಳಿ ಬೀಸಿದರೆ ಅಷ್ಟೂ ಕೂದಲು ಒಟ್ಟಿಗೆ ಒಂದೇ ಕಡೆಗೆ ಬಾಗಿ, ಮತ್ತೆ ಒಟ್ಟಿಗೆ ಏಳುತ್ತಿತ್ತು. ಯಾರೋ ನೂರಾರು ಜನ ಗದ್ದೆಯಲ್ಲಿ ಅಡಗಿ ಕೂತು ನನ್ನನ್ನು ಇಣುಕಿ ನೋಡಿದ ಹಾಗೆ.

ಕೈಯಲ್ಲಿದ್ದ ಸಲಿಕೆ ಯಾವಾಗ ಕೆಳಗೆ ಬಿತ್ತೋ ಗೊತ್ತಾಗಲಿಲ್ಲ.

ಮೀಸೆ ಭತ್ತ ನನಗೆ ಹೊಸದಲ್ಲ. ಆದರೆ ಅದು ಇರಬೇಕಾದ ಜಾಗ ಅಜ್ಜಿಯ ಕಥೆ. ಒಂದಾನೊಂದು ಕಾಲದಲ್ಲಿ ಭತ್ತಕ್ಕೆಲ್ಲ ಬೋಳು ಮುಖವಂತೆ. ಹಕ್ಕಿಗಳು ಹೆದರದೆ ಬಂದು ಕೆನ್ನೆ ಕಚ್ಚಿ ಕಚ್ಚಿ ತಿನ್ನುತ್ತಿದ್ದವಂತೆ. ಅಳುತ್ತಾ ನಿಂತಿದ್ದ ಒಂದು ತೆನೆಯನ್ನು ಕಂಡು ಕತ್ತಲೆಗೆ ಕನಿಕರ ಬಂದು, ತನ್ನ ಜಡೆಯಿಂದ ಒಂದು ಹಿಡಿ ಕೂದಲು ಕಿತ್ತುಕೊಟ್ಟಿತಂತೆ. ತೆನೆ ಅದನ್ನು ತುಟಿಯ ಮೇಲೆ ಅಂಟಿಸಿಕೊಂಡು ನಿಂತಿತು. ಮಾರನೆಯ ದಿನ ಹಕ್ಕಿಗಳ ರಾಜ ಬಂದು ನೋಡಿ, "ಅಯ್ಯಯ್ಯೋ, ಇಲ್ಲಿ ಕಾವಲುಗಾರ ಇದಾನೆ ಕಣ್ರೋ" ಅಂತ ಸೈನ್ಯ ಸಮೇತ ಓಡಿಹೋದನಂತೆ. ಈ ಕಥೆಯನ್ನು ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಹಾರುವ ಕುದುರೆ, ಮಾತಾಡುವ ಒನಕೆ, ಮೀಸೆಯ ಭತ್ತ, ಮೂರೂ ನನ್ನ ತಲೆಯಲ್ಲಿ ಒಂದೇ ಕಪಾಟಿನಲ್ಲಿದ್ದವು.

ಈಗ ಆ ಕಪಾಟಿನ ಬಾಗಿಲು ಯಾರೋ ತೆರೆದುಬಿಟ್ಟಿದ್ದರು. ಕುದುರೆಯೇ ಹಾರಿಬಂದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಕುದುರೆಯಿಂದ ನನ್ನ ಬೀಜ ಕೆಡುವುದಿಲ್ಲವಲ್ಲ.

ಆ ಗದ್ದೆ ಅನ್ನಕ್ಕೆ ಬೆಳೆದದ್ದಲ್ಲ, ಬೀಜಕ್ಕೆ ಬೆಳೆದದ್ದು. ನಮ್ಮ ಬೀದಿಯವರು ಹಾಕುತ್ತಿದ್ದ ಭತ್ತ ಕಾಳು ತುಂಬಿ ಭಾರವಾದ ಕೂಡಲೇ ಒಂದು ಗಾಳಿಗೆ ನೆಲಕ್ಕೆ ಮಲಗಿ, ಕೆಸರಿನಲ್ಲೇ ಮೊಳಕೆಯೊಡೆಯುತ್ತಿತ್ತು. ಎರಡು ಬೆಳೆ ಹೀಗೇ ಹೋಗಿತ್ತು. ಬೀಜದ ಕಚೇರಿಯಲ್ಲಿ ಹೊಸ ತಳಿಯೊಂದು ಬಂದಿದೆ, ಗಿಡ್ಡ ಕಾಂಡ, ಗಾಳಿಗೆ ಬಗ್ಗುವುದಿಲ್ಲ, ಬೇಗ ಕೊಯ್ಲಿಗೆ ಬರುತ್ತದೆ, ಕಾಳೂ ಹೆಚ್ಚು ಎಂದು ತಿಳಿದು ನಾನು ತರಬೇತಿಗೆ ಹೋಗಿಬಂದೆ. ಅಮ್ಮನ ತಮ್ಮ, ನನ್ನ ಮಾವ, ರಸ್ತೆ ಪಕ್ಕದ ಪುಟ್ಟ ಗದ್ದೆಯನ್ನು ನನಗೆ ಬಿಟ್ಟುಕೊಟ್ಟ. ಬೀದಿಯವರೆಲ್ಲ ಅಕ್ಕಿ ಗಿರಣಿಯ ಅಂಗಳದಲ್ಲಿ ಕೂತು ಒಂದು ಮಾತಿಗೆ ಬಂದರು: ನನ್ನ ಗದ್ದೆ ಬೀಜಕ್ಕೆ ಪಾಸಾದರೆ ಮುಂದಿನ ಬೆಳೆಗೆ ಎಲ್ಲರೂ ಅದನ್ನೇ ಬಿತ್ತುವುದು. ಪಾಸಾಗದಿದ್ದರೆ ಮತ್ತೆ ಅದೇ ಮಲಗುವ ಭತ್ತ, ಮತ್ತೆ ಯಾರೂ ಹೊಸದರ ಸುದ್ದಿ ಎತ್ತುವ ಹಾಗಿಲ್ಲ.

ಬೀಜದ ಗದ್ದೆಯಲ್ಲಿ ಬೇರೆ ತಳಿಯ ಒಂದು ತೆನೆ ಕಂಡರೂ ಕಿತ್ತು ಹಾಕಬೇಕು. ಇಲ್ಲಿ ಅರ್ಧ ಗದ್ದೆಯೇ ಬೇರೆಯಾಗಿತ್ತು. ಪರೀಕ್ಷೆಗೆ ಬರುವ ಅಧಿಕಾರಿ, ನಾವೆಲ್ಲ ಬೀಜದಮ್ಮ ಎನ್ನುವವರು, ಆ ವಾರವೇ ಬರುವವರಿದ್ದರು.

ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ.

"ಮೇಡಂ, ನೀವು ಕೊಟ್ಟ ಬೀಜ ಬೆರಕೆ!"

"ಏನಮ್ಮಾ? ಬೆಳಿಗ್ಗೆ ಬೆಳಿಗ್ಗೆ ಏನು ಮಾತಿದು?"

"ಅರ್ಧಕ್ಕೆ ಅರ್ಧ ಕಪ್ಪು ತೆನೆ ಬಂದಿದೆ ಮೇಡಂ. ಮೀಸೆ ಬೇರೆ ಇದೆ. ನಾನು ಬೀದಿಯವರಿಗೆ ಏನು ಹೇಳ್ಲಿ? ನಿಮ್ಮನ್ನ ನಂಬಿ…"

"ನಮ್ಮಲ್ಲಿ ಮೀಸೆ ಇರೋ ತಳಿನೇ ಇಲ್ವಲ್ಲಮ್ಮ," ಎಂದರು ನಿಧಾನವಾಗಿ. "ಏನನ್ನೂ ಮುಟ್ಟಬೇಡ. ಬರ್ತಿದೀನಿ."

ಫೋನ್ ಇಡುವಷ್ಟರಲ್ಲಿ ರಸ್ತೆಯಲ್ಲಿ ಸೈಕಲ್ ಗಂಟೆ ಕೇಳಿಸಿತು. ಮನೆ ಮನೆಗೆ ಹಾಲು ಹಾಕುವವನು. ಹಾಲಿಗಿಂತ ಮೊದಲು ಸುದ್ದಿ ಸುರಿಯುವುದರಿಂದ ಅವನಿಗೆ ರೇಡಿಯೋ ಎಂದೇ ಹೆಸರು. ನಾಟಿಯಾದ ಮಾರನೆಯ ದಿನ ಇದೇ ಜಾಗದಲ್ಲಿ ಸೈಕಲ್ ನಿಲ್ಲಿಸಿ, "ಏನವ್ವಾ, ಗದ್ದೆಗೆ ತಲೆ ಬೋಳಿಸಿದೀಯಾ? ಸಸಿ ಎಲ್ಲಿ, ಇನ್ನೂ ಮನೇಲೇ ಮಲಗಿವೆಯಾ?" ಎಂದು ಕೂಗಿದವನು ಅವನೇ.

ಕೂಗುವುದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ನಾಟಿ ಎಂದರೆ ಬಲಿತ ಸಸಿ, ಒಂದೊಂದು ಕಡೆ ನಾಲ್ಕೈದು ಸೇರಿಸಿ, ಒತ್ತೊತ್ತಾಗಿ ಊರುವುದು. ನಾನು ತರಬೇತಿಯಲ್ಲಿ ಕಲಿತದ್ದು ಅದಕ್ಕೆ ತದ್ವಿರುದ್ಧ. ಎಳೆಯ ಸಸಿ, ಒಂದು ಕಡೆಗೆ ಒಂದೇ ಒಂದು, ಗಂಟು ಹಾಕಿದ ಹಗ್ಗ ಹಿಡಿದು ಗೇಣಿಗೂ ಹೆಚ್ಚು ದೂರ ದೂರ. ಗದ್ದೆಯಲ್ಲಿ ನೀರು ಸದಾ ನಿಲ್ಲಿಸುವ ಹಾಗೂ ಇಲ್ಲ, ಒಮ್ಮೆ ಕಟ್ಟಬೇಕು, ಒಮ್ಮೆ ಆರಿಸಬೇಕು. ಊರಿ ಮುಗಿಸಿದಾಗ ಗದ್ದೆ ಕೆಸರಿನ ಅಂಗಳದ ಹಾಗೆ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಅಲ್ಲೊಂದು ಇಲ್ಲೊಂದು ಹಸಿರು ದಾರ.

ಆ ದಿನ ಅಜ್ಜಿ ಬದುವಿನ ಮೇಲೆ ಬಂದು ಗದ್ದೆ ನೋಡುತ್ತಾ ನಿಂತಿದ್ದಳು. ಅವಳು ಸುಮ್ಮನೆ ನಿಲ್ಲುವವಳಲ್ಲ. ಪ್ರಾಯದಲ್ಲಿ ನಾಟಿ ಹೆಂಗಸರ ಗುಂಪಿಗೆ ಮುಂದಾಳು. ಸಾಲಿನಲ್ಲಿ ಯಾರಾದರೂ ಒಂದು ಕಡೆ ಖಾಲಿ ಬಿಟ್ಟರೆ, "ಹಲ್ಲು ಬಿದ್ದಿದೆ ನೋಡೇ!" ಎಂದು ಗದರಿ, ಹಿಂದಿನಿಂದ ತಾನೇ ತುಂಬಿಕೊಂಡು ಬರುತ್ತಿದ್ದಳಂತೆ. ಅವಳ ಕೈಗೆ ಖಾಲಿ ಜಾಗ ಕಂಡರೆ ಆಗದು. ಡಬ್ಬಿಯಲ್ಲಿ, ತಟ್ಟೆಯಲ್ಲಿ, ಮಾತಿನ ನಡುವೆ ಕೂಡ.

ಅಂದು ಮಾತ್ರ, "ಇಡೀ ಬಾಯೇ ಬೋಳಾಗಿದೆಯಲ್ಲೇ ಕೂಸೇ," ಎಂದಷ್ಟೇ ಹೇಳಿ ಮನೆಗೆ ನಡೆದಿದ್ದಳು.

ಈಗ ರೇಡಿಯೋ ಕಪ್ಪು ತೆನೆಗಳನ್ನು ನೋಡಿದ. ಬಾಯಿ ತೆರೆದ. ಮತ್ತೆ ಮುಚ್ಚಿದ. ಒಂದು ಮಾತೂ ಆಡದೆ ಸೈಕಲ್ಲಿಗೆ ಒರಗಿ ನಿಂತುಬಿಟ್ಟ. ಅವನು ಸುಮ್ಮನಿದ್ದದ್ದು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು.

ಬೀಜದಮ್ಮ ಸ್ಕೂಟರಿನಲ್ಲಿ ಬಂದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಚಪ್ಪಲಿ ಬದುವಿನ ಮೇಲೆ ಬಿಟ್ಟು ನೇರ ಗದ್ದೆಗಿಳಿದರು. ಅಷ್ಟರಲ್ಲಿ ಮಾವನೂ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದಿದ್ದ.

"ಏನೇ ಕನಸಮ್ಮ, ಗದ್ದೆ ವಯಸ್ಸಿಗೆ ಬಂತಾ? ಮೀಸೆ ಚಿಗುರಿದೆ!"

"ಮಾವಾ, ನಗಬೇಡ."

"ನಗದೆ ಏನು ಮಾಡ್ಲಿ? ರಸ್ತೆ ಪಕ್ಕದ ಪೈರು ಎಷ್ಟು ಜೋರಾಗಿದೆ ಅಂತ ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಈಗ ನೋಡು, ಅದು ನಿನ್ನ ಪೈರೇ ಅಲ್ಲ."

ಮಾತು ಮುಳ್ಳಿನ ಹಾಗೆ ಚುಚ್ಚಿತು. ನಿಜ, ಎಲ್ಲರೂ ಹೊಗಳಿದ್ದರು. ನಾಟಿಯಾದ ಬಳಿಕ ಕಳೆ ತೆಗೆಯುವ ಯಂತ್ರ ಉರುಳಿಸುವುದನ್ನು ಕಲಿಯಲು ನಾನು ಕೆಲವು ದಿನ ಬೀಜದ ಕಚೇರಿಯಲ್ಲೇ ಉಳಿದಿದ್ದೆ. ತಿರುಗಿ ಬಂದು ನೋಡಿದರೆ, ರಸ್ತೆ ಕಡೆಯ ಸಸಿಗಳು ಆಗಲೇ ಒಂದು ಎರಡಾಗಿದ್ದವು. ನಾನು ಗದ್ದೆಯಿಂದ ಮನೆವರೆಗೆ ಓಡಿದ್ದೆ. "ಅಜ್ಜೀ, ತೆಂಡೆ ಒಡೆದಿದೆ! ಒಂದು ಎರಡಾಗಿದೆ!" ಎಂದು ಅವಳನ್ನು ಹಿಡಿದು ಗಿರ್ರನೆ ತಿರುಗಿಸಿದ್ದೆ. ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಿದ್ದಳು. ಬೀಜದಮ್ಮನಿಗೂ ಫೋನಿನಲ್ಲಿ ಹೇಳಿದ್ದೆ. "ಇಷ್ಟು ಬೇಗನಾ?" ಎಂದು ಅವರೂ ಬೆರಗಾಗಿದ್ದರು.

ಈಗ ಅವರು ಮೊಣಕಾಲವರೆಗೆ ಕೆಸರಲ್ಲಿ ನಿಂತು ಒಂದು ಬುಡವನ್ನು ಎರಡೂ ಕೈಯಿಂದ ಬಿಡಿಸಿ ನೋಡುತ್ತಿದ್ದರು. ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಅವರ ಹುಬ್ಬು ಮೇಲೇರುತ್ತಾ ಹೋಯಿತು.

"ಇಲ್ಲಿ ಬಾ," ಎಂದರು. "ನೋಡು. ಒಂದೊಂದು ಬುಡದಲ್ಲೂ ಎರಡು ಗಿಡ. ಒಂದು ನಿಂದು, ಒಂದು ಕಪ್ಪಿಂದು. ಚೀಲದಲ್ಲಿ ಬೆರಕೆ ಆಗಿದ್ರೆ ಅಲ್ಲೊಂದು ಇಲ್ಲೊಂದು ಚದುರಿ ಬರ್ತಿತ್ತು. ಇದು ಹಾಗಲ್ಲ. ಪ್ರತಿಯೊಂದಕ್ಕೂ ಒಂದು. ಒಂದಾದ್ರೂ ತಪ್ಪಿಲ್ಲ."

"ಅಂದ್ರೆ?"

"ಅಂದ್ರೆ ಇದನ್ನ ಯಾರೋ ಕೈಯಾರೆ ಊರಿದಾರಮ್ಮ. ನಿನ್ನ ಸಸಿಯ ಬುಡಕ್ಕೇ ಅಂಟಿಸಿ. ಊರಿದ ಕೈ ಮಾತ್ರ ಭಾರೀ ಪಳಗಿದ ಕೈ."

ಯಾರೋ, ನಾನಿಲ್ಲದಾಗ, ನನ್ನ ಗದ್ದೆಗಿಳಿದು, ಒಂದೊಂದೇ ಸಸಿಯ ಮಗ್ಗುಲಿಗೆ… ಯಾಕೆ? ನಾನು ಯಾರಿಗೆ ಏನು ಮಾಡಿದ್ದೆ? ಕಥೆಗಳಲ್ಲಿ ರಾಕ್ಷಸರು ಗುಡುಗಿನೊಂದಿಗೆ ಬರುತ್ತಾರೆ, ಕೋರೆಹಲ್ಲು ತೋರಿಸುತ್ತಾರೆ. ಹೀಗೆ ಮೆತ್ತಗೆ ಬಂದು ಅಷ್ಟು ತಾಳ್ಮೆಯಿಂದ ನನ್ನನ್ನು ಹಾಳು ಮಾಡಿದವರು ಯಾರು?

ನಾನು ಮಾವನ ಕಡೆ ತಿರುಗಿದೆ.

"ನೀನೇ ತಾನೇ?"

ಮಾವನ ಬಾಯಿಂದ ಕಡ್ಡಿ ಜಾರಿತು. "ಏನಂದೆ?"

"ನಾಟಿ ದಿನವೇ ಅಂದಿದ್ದೆಯಲ್ಲ, 'ನನ್ನ ಗದ್ದೆ ನೋಡೋಕಾಗ್ತಿಲ್ಲ, ರಸ್ತೇಲಿ ಹೋಗೋರೆಲ್ಲ ನನ್ನ ಮುಖ ನೋಡ್ತಾರೆ' ಅಂತ. ನಿನಗೆ ಮರ್ಯಾದೆ ಹೋಗ್ತಿತ್ತು. ಆಳು ಇಟ್ಟು ತುಂಬಿಸ್ಬಿಟ್ಟೆ."

"ಲೇ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ಗದ್ದೆ ಕೊಟ್ಟೋನು ನಾನು. ಕೊಟ್ಟು ಕಿತ್ಕೊಳ್ಳೋ ಜಾತಿಯವನಾ ನಾನು?" ಅವನ ಮುಖ ಕೆಂಪಾಯಿತು. ಸಿಟ್ಟಿಗಲ್ಲ ಎಂದು ನನಗೆ ಅನ್ನಿಸಿದ್ದು ಆಮೇಲೆ. ಅವನ ಕಣ್ಣಂಚಿನಲ್ಲಿ ನೀರಿತ್ತು. "ನಿನ್ನ ಎತ್ತಿ ಆಡ್ಸಿದ ಕೈ ಇದು ಕಣೇ…"

ಬೀಜದಮ್ಮ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಕೇಳಿಸಿತು.

"ಅಯ್ಯೋ! ಬಂದ್ಬಿಟ್ಯಾ ನನ್ನಪ್ಪಾ!"

ಅಜ್ಜಿ. ಒಂದು ಕೈಯಲ್ಲಿ ನನ್ನ ತಿಂಡಿಯ ಡಬ್ಬಿ, ಇನ್ನೊಂದು ಕೈ ಗಲ್ಲದ ಮೇಲೆ. ಅವಳು ನಮ್ಮನ್ನು ಯಾರನ್ನೂ ನೋಡುತ್ತಿರಲಿಲ್ಲ. ಕಪ್ಪು ತೆನೆಗಳನ್ನು ನೋಡುತ್ತಿದ್ದಳು, ದೂರದೂರಿನಿಂದ ಬಸ್ಸಿಳಿದ ಮಗನನ್ನು ನೋಡುವ ಹಾಗೆ. ಡಬ್ಬಿಯನ್ನು ಬದುವಿನ ಮೇಲಿಟ್ಟು ಬಗ್ಗಿ, ಒಂದು ತೆನೆಯನ್ನು ಅಂಗೈಗೆ ಎಳೆದುಕೊಂಡು ಅದರ ಮೀಸೆಯನ್ನು ಹೆಬ್ಬೆರಳಿನಿಂದ ನೇವರಿಸಿದಳು.

"ಎಷ್ಟು ವರ್ಷ ಆಯ್ತೋ ನಿನ್ನ ನೋಡಿ," ಎಂದಳು.

ನನ್ನ ಕಾಲಡಿಯ ಕೆಸರು ನನ್ನನ್ನು ಒಳಗೆ ಎಳೆದುಕೊಳ್ಳುತ್ತಿದೆ ಅನ್ನಿಸಿತು.

"ಅಜ್ಜೀ," ಎಂದೆ. ನನ್ನ ದನಿ ನನಗೇ ಬೇರೆಯವರದ್ದಾಗಿ ಕೇಳಿಸಿತು. "ಇದನ್ನ ನೀನು ನೆಟ್ಟೆಯಾ?"

"ಮತ್ತೆ ಇನ್ಯಾರು ನೆಡ್ತಾರೆ? ನಿನ್ನ ದೊಡ್ಡಜ್ಜಿ, ನಮ್ಮಕ್ಕ, ಹೋದ ಸಲ ಬಂದಾಗ ಸೆರಗಿನ ತುದೀಲಿ ಕಟ್ಕೊಂಡು ತಂದಿದ್ಲಲ್ಲ. ಅವಳ ಹತ್ರ ಮಾತ್ರ ಉಳಿದಿತ್ತು ಪಾಪ. ಒಗೆಯೋ ಕಲ್ಲಿನ ಹಿಂದೆ ಚೆಲ್ಲಿದ್ದೆ."

ಒಗೆಯುವ ಕಲ್ಲಿನ ಹಿಂದೆ ಚಾಪೆಯಷ್ಟಗಲ ಹಸಿರು ಬಂದಿದ್ದನ್ನು ನಾನು ನೋಡಿದ್ದೆ. ನನ್ನ ಸಸಿಮಡಿಯಲ್ಲಿ ಮಿಕ್ಕ ಸಸಿಗಳನ್ನು ಎಸೆಯಲು ಮನಸ್ಸು ಬಾರದೆ ಅಜ್ಜಿ ಅಲ್ಲಿ ಊರಿದ್ದಾಳೆ ಎಂದುಕೊಂಡಿದ್ದೆ. ಬಟ್ಟೆ ಒಗೆದ ನೀರನ್ನು ಅದಕ್ಕೆ ಬಿಡಬಾರದೆಂದು ಅವಳು ಬೈದಾಗಲೂ ಏನೂ ಕೇಳಿರಲಿಲ್ಲ.

"ಯಾಕಜ್ಜೀ? ಯಾಕೆ ಹೀಗೆ ಮಾಡ್ದೆ?"

ಅಜ್ಜಿ ನನ್ನ ಮುಖ ನೋಡಿದಳು. ಅವಳಿಗೆ ನಿಜಕ್ಕೂ ಪ್ರಶ್ನೆ ಅರ್ಥವಾಗಿರಲಿಲ್ಲ.

"ರಸ್ತೇಲಿ ಹೋಗೋರೆಲ್ಲ ನಿನ್ನ ಆಡ್ಕೊಂಡು ನಗ್ತಿದ್ರು ಕಣೇ. ಈ ರೇಡಿಯೋ ಒಬ್ಬನೇನಾ? ನೀನು ಅತ್ತ ಹೋದೆ. ನಾನು ಬಂದು ನೋಡಿದ್ರೆ, ಅಷ್ಟು ದೊಡ್ಡ ನೀರಲ್ಲಿ ಒಂದೊಂದೇ ಕೂಸು ನಿಂತಿದೆ. ಬೆರಳಷ್ಟೂ ಇಲ್ಲ. ಗಾಳಿ ಬಂದ್ರೆ ಹಿಡ್ಕೊಳ್ಳೋಕೆ ಪಕ್ಕದಲ್ಲಿ ಯಾರೂ ಇಲ್ಲ. ಅದಕ್ಕೇ ಒಂದೊಂದಕ್ಕೂ ಒಂದೊಂದು ಜೊತೆ ಕೊಟ್ಟೆ. ಸಸಿ ಮುಗಿಯೋವರೆಗೂ. ರಸ್ತೆಯಿಂದ ಕಾಣೋದು ಅಷ್ಟೇ ತಾನೇ?"

"ಅಮ್ಮಾ, ಬೀಜದ ಗದ್ದೆ ಅಮ್ಮಾ ಅದು!" ಮಾವ ತಲೆ ಹಿಡಿದುಕೊಂಡ.

"ಮೀಸೆಯವನು ಕಾವಲಿಗೆ ಒಳ್ಳೆಯವನು ಕಣೋ. ಹಕ್ಕಿ ಹತ್ರ ಬರಲ್ಲ."

ಆಗ ರಸ್ತೆಯಿಂದ ರೇಡಿಯೋ ಸಣ್ಣ ದನಿಯಲ್ಲಿ, "ನಂಗೆ ಗೊತ್ತಿತ್ತು," ಎಂದ.

ಎಲ್ಲರೂ ತಿರುಗಿದರು. ಅಜ್ಜಿ ಗದ್ದೆ ಹಾಳು ಮಾಡಿದ್ದಕ್ಕಿಂತ ದೊಡ್ಡ ಆಘಾತ ಅದು. ರೇಡಿಯೋ ಒಂದು ಸುದ್ದಿಯನ್ನು ನಾಟಿಯಿಂದ ಇವತ್ತಿನವರೆಗೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ!

"ದಿನಾ ಬಗ್ಗಿ ನೆಡ್ತಿದ್ರು. ಯಾರಿಗಾದ್ರೂ ಹೇಳಿದ್ರೆ ನಾಲಿಗೆ ಸೀಳ್ತೀನಿ ಅಂದ್ರು. ನಂಗೆ ನಾಲಿಗೆನೇ ಬಂಡವಾಳ ಅಲ್ವಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ನಾನು ಬದುವಿನ ಮೇಲೆ ಹೋಗಿ ಕೂತೆ. ಅಳು ಬರಲಿಲ್ಲ. ಬರುವುದಕ್ಕೂ ಜಾಗವಿರಬೇಕಲ್ಲ. ಒಳಗೆಲ್ಲ ಕಪ್ಪು ಮೀಸೆಗಳೇ ಅಲ್ಲಾಡುತ್ತಿದ್ದವು. ನನ್ನನ್ನು ಸಾಕಿದವಳು, ನನಗೆ ಮಾತು ಕಲಿಸಿದವಳು, ನಾನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ನಂಬಿದವಳು, ಪ್ರೀತಿಯಿಂದಲೇ, ಒಂದೊಂದೇ ಸಸಿಯ ಬುಡ ತಡವಿ, ನನ್ನ ಗದ್ದೆಯನ್ನು ಕೆಡಿಸಿದ್ದಳು. ಬೈಯಲು ಒಬ್ಬ ಶತ್ರುವೂ ಉಳಿದಿರಲಿಲ್ಲ.

ಬೀಜದಮ್ಮ ಮಾತ್ರ ಕೆಲಸ ನಿಲ್ಲಿಸಿರಲಿಲ್ಲ. ಗದ್ದೆಯ ಒಳಭಾಗಕ್ಕೆ, ಅಜ್ಜಿಯ ಸಸಿ ತಲುಪದ ಕಡೆಗೆ, ಸಾಲು ಸಾಲು ನೋಡುತ್ತಾ ನಡೆದರು. ರಸ್ತೆಯಿಂದ ಆ ಭಾಗ ಸರಿಯಾಗಿ ಕಾಣುವುದಿಲ್ಲ. ಎತ್ತರದ ಕಪ್ಪು ಪೈರು ಅದನ್ನು ಮರೆ ಮಾಡಿತ್ತು. ಅಲ್ಲಿಂದ ಒಂದು ಬುಡವನ್ನು ಬೇರು ಸಮೇತ ಕಿತ್ತರು. ಬರುತ್ತಾ ರಸ್ತೆ ಕಡೆಯದೂ ಒಂದನ್ನು ಕಿತ್ತರು. ಎರಡನ್ನೂ ಕಾಲುವೆಯಲ್ಲಿ ತೊಳೆದು ಬದುವಿನ ಮೇಲೆ, ಅಜ್ಜಿಯ ಮುಂದೆ ಇಟ್ಟರು.

"ಅಮ್ಮಾ, ನೀವೇ ನೋಡಿ. ಇದು ನೀವು ಜೊತೆ ಕೊಟ್ಟಿದ್ದು. ಇದು ಒಂಟಿ ನಿಂತಿದ್ದು."

ಜೊತೆಯಿದ್ದ ಬುಡದಲ್ಲಿ ಬೇರುಗಳು ಒಂದನ್ನೊಂದು ಹಿಚುಕಿಕೊಂಡು ಬೆಳೆದಿದ್ದವು. ಕಪ್ಪು ಗಿಡ ಉದ್ದಕ್ಕೆ ಹೋಗಿತ್ತು. ಅದರ ನೆರಳಿನಲ್ಲಿ ನನ್ನ ಸಸಿ ಬಡಕಲು ಕಾಂಡಗಳನ್ನು ಬಿಟ್ಟು ಸೊರಗಿತ್ತು. ಹೊಡೆ ಬಿಡಿಸಿದರೆ ಒಳಗೆ ಗಿಡ್ಡ ತೆನೆ.

ಒಂಟಿ ಬುಡದ ಬೇರು ಬಿಳಿಯ ಗಡ್ಡದ ಹಾಗೆ ಹರಡಿತ್ತು. ಅದರ ಮೇಲೆ ದಪ್ಪ ದಪ್ಪ ಕಾಂಡಗಳ ಒಂದು ಹೊರೆ. ಒಂದೊಂದರ ಹೊಟ್ಟೆಯಲ್ಲೂ ತೆನೆ.

ಅಜ್ಜಿ ಅದನ್ನು ಹಿಡಿಯಲು ಕೈ ಹಾಕಿದಳು. ಅವಳ ಮುಷ್ಟಿಗೆ ಅದು ಹಿಡಿಯಲಿಲ್ಲ. ಇನ್ನೊಂದು ಕೈಯನ್ನೂ ಹಾಕಿದಳು. ಎರಡೂ ಕೈಯ ಬೆರಳು ಸುತ್ತಿ ಬಂದು ಕಷ್ಟದಲ್ಲಿ ಒಂದನ್ನೊಂದು ಮುಟ್ಟಿದವು. ಜೀವಮಾನವೆಲ್ಲ ಭತ್ತದ ಬುಡ ಹಿಡಿದು ಕುಡುಗೋಲು ಎಳೆದ ಕೈ ಅದು.

"ಇದು ಒಂದೇ ಸಸಿನಾ?"

"ಒಂದೇ."

"ಸುಳ್ಳು ಹೇಳ್ಬೇಡವ್ವಾ. ನಾಲ್ಕು ಸೇರಿಸಿ ಕಟ್ಟಿದೀಯ."

"ನೀವೇ ಬಿಡಿಸಿ ನೋಡಿ."

ಅಜ್ಜಿ ಬುಡವನ್ನು ಬಿಡಿಸುತ್ತಾ ಹೋದಳು. ಉಗುರಿನಿಂದ, ಬಹಳ ಜಾಗರೂಕತೆಯಿಂದ, ಮಗುವಿನ ಸಿಕ್ಕುಗಟ್ಟಿದ ತಲೆ ಬಿಡಿಸುವ ಹಾಗೆ. ಕಾಂಡಗಳೆಲ್ಲ ಕೊನೆಗೆ ಒಂದೇ ತಾಯಿಕಾಂಡಕ್ಕೆ ಬಂದು ಸೇರಿದವು. ಅವಳು ತಲೆ ಎತ್ತಲಿಲ್ಲ.

"ಹಾಗಾದ್ರೆ ಅದು ಹೆದರಿರ್ಲಿಲ್ವಾ?" ಎಂದು ಕೇಳಿದಳು. ಯಾರನ್ನು ಕೇಳಿದಳೋ.

ಬಿಡಿಸಿದ ಕಾಂಡಗಳನ್ನು ಮತ್ತೆ ಒಟ್ಟಿಗೆ ಹಿಡಿದು, "ನಾನು ಜೀವನವಿಡೀ ಅವುಗಳ ಉಸಿರು ಕಟ್ಟಿಸ್ತಾ ಬಂದೆನೇನೋ," ಎಂದಳು. ಆ ಮಾತು ಕೇಳಿ ನನ್ನ ಕೋಪವೆಲ್ಲ ಕಾಲುವೆಗೆ ಬಿದ್ದು ಹರಿದುಹೋಯಿತು.

ಬೀಜದಮ್ಮ ತೀರ್ಪು ಹೇಳಿದ್ದು ಅಲ್ಲೇ, ಕೆಸರುಗಾಲಿನಲ್ಲೇ. ಕಪ್ಪು ಬಂದಷ್ಟು ಭಾಗ ಬೀಜಕ್ಕೆ ಆಗುವುದಿಲ್ಲ, ಬೇರು ಹೆಣೆದುಕೊಂಡಿರುವುದರಿಂದ ಕಿತ್ತು ಬೇರೆ ಮಾಡಲೂ ಆಗದು. ಅದಕ್ಕೂ ಒಳಭಾಗಕ್ಕೂ ನಡುವೆ ಒಂದು ಪಟ್ಟಿಯಷ್ಟು ಒಳ್ಳೆಯ ಪೈರನ್ನೂ ಇವತ್ತೇ ಕಿತ್ತು ಜಾಗ ಬಿಡಬೇಕು, ಹೂ ಅರಳಿ ಪರಾಗ ಬೆರೆಯುವ ಮೊದಲು. ಉಳಿದದ್ದರಲ್ಲಿ ಒಂದೇ ಒಂದು ಮೀಸೆ ಕಂಡರೂ ಎಲ್ಲ ರದ್ದು. ಕಾಣದಿದ್ದರೆ ಅದು ಬೀಜ.

"ಉಳಿದಿದ್ದು ಇಡೀ ಬೀದಿಗೆ ಸಾಲುತ್ತಾ ಮೇಡಂ?"

"ನಿಮ್ಮವರು ಬಿತ್ತೋ ಹಾಗೆ ಬಿತ್ತಿದ್ರೆ ಅರ್ಧ ಬೀದಿಗೂ ಸಾಲಲ್ಲ." ಅವರು ಒಂಟಿ ಬುಡವನ್ನು ಎತ್ತಿ ತೋರಿಸಿದರು. "ನೀನು ಮಾಡಿದ ಹಾಗೆ ಮಾಡಿದ್ರೆ ಮೂಟೆ ಬೇಕಾಗಿಲ್ಲ. ಚೀಲ ಸುರಿಯೋ ಕಡೆ ಚೊಂಬು ಸಾಕು. ಎಲ್ಲರಿಗೂ ಸಾಲುತ್ತೆ. ಎಲ್ಲರೂ ಒಂಟಿ ಸಸಿ ಊರಿದ್ರೆ ಮಾತ್ರ."

ಮಾವ ಬಾಯಿ ಚಪ್ಪರಿಸಿದ. "ಆಯ್ತು ಬಿಡಿ ಹಾಗಾದ್ರೆ. ಯಜಮಾನರು ಒಪ್ತಾರೆ, ನಾಟಿ ಹೆಂಗಸರು ಒಪ್ತಾರಾ? ಖಾಲಿ ಜಾಗ ಕಂಡ್ರೆ ಅವರ ಕೈ ತಡೆಯಲ್ಲ. ಆ ಕೈಗಳನ್ನ ತಿದ್ದಿದ್ದೇ ನಮ್ಮಮ್ಮ."

ಯಾರೂ ಅಜ್ಜಿಯ ಕಡೆ ನೋಡಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನೇ ನೋಡುತ್ತಿದ್ದ ಹಾಗಿತ್ತು.

ನಡುವಿನ ಪಟ್ಟಿ ಕೀಳಲು ನಾನೂ ಮಾವನೂ ಇಳಿದೆವು. ನಾನು ಅವನ ಪಕ್ಕಕ್ಕೆ ಹೋಗಿ, "ಮಾವಾ, ನಾನು ಅಂದಿದ್ದು…" ಎಂದು ಶುರು ಮಾಡಿದೆ. "ಕೀಳು ಕೀಳು," ಎಂದ ಅವನು, "ಬಾಯಿಗಿಂತ ಕೈ ಜೋರಾಗಿರ್ಲಿ." ಹಾಗೆಂದು ಕೆಸರಿನ ಒಂದು ಉಂಡೆ ನನ್ನ ಬೆನ್ನಿಗೆ ಎಸೆದ. ಒಳ್ಳೆಯ, ತುಂಬಿದ, ಕೈಗೆ ಹಿಡಿಯದ ಬುಡಗಳನ್ನು ಒಂದೊಂದಾಗಿ ಕೀಳುವಾಗ ಬೇರುಗಳು ಕೆಸರಿನಿಂದ ಬಿಡಿಸಿಕೊಳ್ಳುವ ಸದ್ದು ಬರುತ್ತಿತ್ತು. ಅಂಥ ಸದ್ದನ್ನು ನಾನು ಮತ್ತೆಂದೂ ಕೇಳಬಾರದು. ಅಜ್ಜಿ ಬದುವಿನ ಮೇಲೆ ಕೂತು ಅಷ್ಟನ್ನೂ ಕೇಳಿದಳು.

ಒಳಭಾಗದಲ್ಲಿ ಮೀಸೆ ಬರಲಿಲ್ಲ. ಬೀಜದಮ್ಮ ಎರಡು ಸಲ ಬಂದು ನೋಡಿ, ಕೊಯ್ಲಿನ ಹೊತ್ತಿಗೆ ಚೀಲದ ಬಾಯಿಗೆ ತಮ್ಮ ಕೈಯಾರೆ ಚೀಟಿ ಹೊಲಿದರು. ಕಪ್ಪು ತೆನೆಗಳನ್ನು ಅಜ್ಜಿಯೇ ಪುಟ್ಟ ಕತ್ತಿಯಿಂದ ಒಂದೊಂದಾಗಿ ಕೊಯ್ದಳು. ದೊಡ್ಡಜ್ಜಿ ತೀರಿಕೊಂಡ ಸುದ್ದಿ ಬಂದದ್ದು ಅದೇ ದಿನಗಳಲ್ಲಿ. ಈಗ ಅದು ಅಜ್ಜಿಯ ಹತ್ತಿರ ಮಾತ್ರ ಉಳಿದಿತ್ತು. ಮಾವ ಬೀಜದ ಗದ್ದೆಯಿಂದ ಬಹಳ ದೂರದ ಒಂದು ಮೂಲೆಯನ್ನು ಗುದ್ದಲಿಯಿಂದ ಗೀಚಿ ಅವಳಿಗೆ ತೋರಿಸಿದ. "ನಿನ್ನ ಮೀಸೆಯವನ ಮನೆ ಇದು. ಆಚೆ ಕಾಲಿಟ್ರೆ ಕಾಲು ಮುರೀತೀನಿ."

"ನಂದಾ, ಅವಂದಾ?"

"ಇಬ್ಬರದೂ."

ಮುಂದಿನ ನಾಟಿಗೆ ಎಲ್ಲಕ್ಕಿಂತ ಮೊದಲು ಕೆಸರು ಮಾಡಿದ್ದು ರೇಡಿಯೋನ ಗದ್ದೆ. ಬೀದಿಯ ನಾಟಿ ಹೆಂಗಸರು ಸೀರೆ ಎತ್ತಿ ಕಟ್ಟಿ ಬಂದಿದ್ದರು. ಬಟ್ಟಲಿನಲ್ಲಿಟ್ಟ ಎಳೆ ಸಸಿಗಳನ್ನು ನೋಡಿ ಒಬ್ಬಳು, "ಇದೇನು ಸಸಿನಾ, ಬೆಕ್ಕಿನ ಮೀಸೆನಾ?" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಹಗ್ಗದ ಒಂದು ತುದಿ ಹಿಡಿದು ನಿಂತಿದ್ದೆ. ಇನ್ನೊಂದು ತುದಿ ರೇಡಿಯೋನ ಕೈಯಲ್ಲಿ. ಇವರು ಇಂದು ಎರಡೆರಡು ಊರಿದರೆ ನನ್ನ ಬೀಜ ಅರ್ಧ ದಾರಿಯಲ್ಲೇ ಮುಗಿಯುತ್ತಿತ್ತು.

ಅಜ್ಜಿ ಕೋಲೂರಿಕೊಂಡು ಬಂದಳು. ಕೋಲನ್ನು ಬದುವಿಗೆ ಚುಚ್ಚಿ, ನಿಧಾನವಾಗಿ ಕೆಸರಿಗಿಳಿದಳು. ನಗು ನಿಂತಿತು.

ಬಟ್ಟಲಿನಿಂದ ಅವಳ ಬೆರಳುಗಳು ತಮ್ಮ ಪಾಡಿಗೆ ತಾವು ಒಂದು ಚಿಟಿಕೆ ಸಸಿ ಎತ್ತಿಕೊಂಡವು. ನಾಲ್ಕೋ ಐದೋ. ಅವಳು ಅದನ್ನು ನೋಡಿದಳು. ಅವಳು ಹೆಬ್ಬೆರಳಿನಿಂದ ಒಂದೊಂದನ್ನೇ ಬಿಡಿಸಿ ಬಟ್ಟಲಿಗೆ ಹಿಂದಕ್ಕೆ ಬಿಟ್ಟಳು. ಎರಡು ಉಳಿಯಿತು. ಆ ಎರಡನ್ನು ಬಿಡಿಸಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಹೆಂಗಸರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ತಮ್ಮ ಕೈಗಳಿಗೆ ಕೆಲಸ ಕಲಿಸಿದ ಆ ಕೈ ಇಷ್ಟು ಒದ್ದಾಡಿದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ.

ಕೊನೆಗೆ ಒಂದು ಬಟ್ಟಲಿಗೆ ಹೋಯಿತು. ಒಂದು ಅವಳ ಬೆರಳಿನಲ್ಲಿ ಉಳಿಯಿತು.

ಹಗ್ಗದ ಗಂಟಿನ ಕೆಳಗೆ ಬಗ್ಗಿ ಅಜ್ಜಿ ಅದನ್ನು ಊರಿದಳು. ಏಳಲಿಲ್ಲ. ಅದರ ಹತ್ತಿರ ಮುಖ ತಂದು, ಅದಕ್ಕೆ ಮಾತ್ರ ಕೇಳಿಸುವ ಹಾಗೆ ಏನೋ ಹೇಳಿದಳು. ಹಗ್ಗ ಹಿಡಿದು ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ಹೆದರ್ಬೇಡ ಕೂಸೇ. ಗೇಣಿನಾಚೆ ಇನ್ನೊಬ್ಬನನ್ನ ನಿಲ್ಲಿಸ್ತಿದೀನಿ. ಕೈ ಚಾಚು, ಸಿಗ್ತಾನೆ."

ಆಮೇಲೆ ಸೊಂಟ ಹಿಡಿದು ಎದ್ದು, ಬಾಯಿ ಬಿಟ್ಟುಕೊಂಡು ನಿಂತಿದ್ದ ಹೆಂಗಸರ ಕಡೆ ತಿರುಗಿದಳು.

"ಏನ್ರೇ ನೋಡ್ತೀರಾ ನನ್ನ ಮುಖ? ಒಂದೇ! ಎರಡು ಊರಿದವಳ ಹಲ್ಲು ಬೀಳುತ್ತೆ!"